ಸೆಕೆಂಡ್ ಹ್ಯಾಂಡ್ ಬೈಕ್ ನೋಡೋಕೆ ಹೋಗೋ ಮೊದ್ಲು ಹೊಸದರ ಇವತ್ತಿನ ರೇಟ್ ಕೇಳ್ಕೊಂಡು ಹೋಗಿ

ಬೈಕ್ ತಗೊಳ್ಬೇಕು ಅಂತಿರೋ ಕೊಡಗಿನವ್ರು ದಯವಿಟ್ಟು ಓದಿ, ನನಗಾದ ಹಾಗೆ ನಿಮಗೆ ಆಗೋದು ಬೇಡ.

ನಾನು ನಾಪೋಕ್ಲುವಿಂದ ಮಡಿಕೇರಿಗೆ ದಿನಾ ಕೆಲಸಕ್ಕೆ ಹೋಗಿ ಬರೋನು. ಸಂಜೆ ಬಸ್ ತಪ್ಪಿದ್ರೆ ಮನೆ ಸೇರೋಷ್ಟರಲ್ಲಿ ರಾತ್ರಿ ಆಗ್ತದೆ, ಅದಕ್ಕೆ 2025ರ ಅಕ್ಟೋಬರಲ್ಲಿ ತಲಕಾವೇರಿ ತೀರ್ಥೋದ್ಭವ ಮುಗಿದ ವಾರ ಹಳೇ ಬೈಕ್ ಮಾರೋ ಒಂದು ಅಂಗಡಿಗೆ ಹೋದೆ. ಎರಡೂವರೆ ವರ್ಷದ 160 ಸಿಸಿ ಬೈಕ್, ಕೆಎ 12 ನಂಬರ್, ತೊಳೆದು ಪಾಲಿಶ್ ಮಾಡಿ ಇಟ್ಟಿದ್ರು. "ಹೊಸದು ಆನ್ ರೋಡ್ 1,65,000 ಆಗ್ತದೆ, ನಿಮಗೆ 1,08,000ಕ್ಕೆ ಕೊಡ್ತೇನೆ, 57,000 ಉಳೀತಲ್ಲ" ಅಂದ್ರು. ನಾನು ಆ 57,000 ನೋಡಿ ತಲೆ ಆಡಿಸಿಬಿಟ್ಟೆ. ತಪ್ಪಾಗಿದ್ದೇ ಅಲ್ಲಿ.

ಯಾಕಂದ್ರೆ ಸೆಪ್ಟೆಂಬರ್ 22ಕ್ಕೇ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿತ್ತು. 1,28,000 ಇದ್ದ ಎಕ್ಸ್ ಶೋರೂಂ ರೇಟ್, ಅಂದ್ರೆ ರೋಡ್ ಟ್ಯಾಕ್ಸ್ ಇನ್ಶೂರೆನ್ಸ್ ಸೇರಿಸೋ ಮೊದಲಿನ ರೇಟ್, 1,18,000 ಆಗಿತ್ತು, ಅದರ ಮೇಲೆ ಒಂದೇ ಸಲ ಕಟ್ಟೋ ರೋಡ್ ಟ್ಯಾಕ್ಸೂ (ಲೈಫ್ ಟ್ಯಾಕ್ಸ್) ಅಷ್ಟಕ್ಕೆ ಕಡಿಮೆ ಆಯ್ತು, ಇನ್ಶೂರೆನ್ಸ್ ಎಲ್ಲಾ ಸೇರಿ ಹೊಸದು ಮನೆಗೆ ಬರ್ತಿದ್ದದ್ದು 1,49,000ಕ್ಕೆ. ಇದು ಗೊತ್ತಾಗಿದ್ದು ಒಂದು ತಿಂಗಳ ನಂತರ ನನ್ನ ಭಾವ ಅದೇ ಬೈಕ್ ಹೊಸದು ತಗೊಂಡಾಗ. ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯ್ತು.

ಅಷ್ಟೇ ಆಗಿದ್ರೆ ಸಹಿಸ್ಕೊಳ್ತಿದ್ದೆ. ಮೊದಲನೇ ವಾರದಲ್ಲೇ ಮಡಿಕೇರಿ ಇಳಿಜಾರಲ್ಲಿ ಬ್ರೇಕ್ ಹಿಡಿದ್ರೆ ಮುಂದಿನ ಫೋರ್ಕಿಂದ ಆಯಿಲ್ ಇಳೀತಿತ್ತು, ಮೆಕ್ಯಾನಿಕ್ ಬಿಚ್ಚಿ ನೋಡಿದ್ರೆ ಆಯಿಲ್ ಸೀಲ್ ಹೋಗಿದೆ, ಚೈನ್ ಸ್ಪ್ರಾಕೆಟ್ ಸವೆದಿದೆ, ಕ್ಲಚ್ ಪ್ಲೇಟೂ ಮುಗಿದಿದೆ, ಚಾಸಿ ಅಡಿಗೆ ಹೊಸ ಕಪ್ಪು ಪೇಂಟ್ ಬಳಿದಿದ್ರು, ಕೆರೆದ್ರೆ ಒಳಗೆಲ್ಲಾ ತುಕ್ಕು. ನಮ್ಮ ಮಳೆಗೆ ನೆನೆದು ತೋಟದ ಕೆಸರಲ್ಲಿ ಓಡಿದ ಗಾಡಿ ಅದು, ಮೇಲಿನ ಟ್ಯಾಂಕ್ ನೋಡಿದ್ರೆ ಗೊತ್ತೇ ಆಗಲ್ಲ. ಟೈರ್ ಸೇರಿ ರಿಪೇರಿಗೆ 10,000, ಆರ್‌ಸಿ ಕೆಲಸಕ್ಕೆ ಓಡಾಡಿ ಇನ್ನೊಂದು 3,000. ಒಟ್ಟು 1,21,000. ಉಳಿದಿದ್ದು 57,000 ಅಲ್ಲ, 28,000. ಅದಕ್ಕೆ ಎರಡೂವರೆ ವರ್ಷ ಸವೆದ ಗಾಡಿ.

ಇನ್ಶೂರೆನ್ಸ್ ಪೇಪರಲ್ಲಿ ಐಡಿವಿ ಅಂತ ಇರ್ತದೆ, ಅಂದ್ರೆ ಇನ್ಶೂರೆನ್ಸ್ ಕಂಪನಿ ಗಾಡಿಗೆ ಕಟ್ಟೋ ಬೆಲೆ, ಅದನ್ನ ನಾನು ನೋಡಲೇ ಇಲ್ಲ. ಎರಡರಿಂದ ಮೂರು ವರ್ಷದ ಗಾಡಿಗೆ ಅವರ ಲೆಕ್ಕದಲ್ಲಿ ಹೊಸದರ ರೇಟಿಂದ 30 ಪರ್ಸೆಂಟ್ ಕಳೀತಾರೆ, ಮೂರರಿಂದ ನಾಲ್ಕಕ್ಕೆ 40. ನನ್ನ ಗಾಡಿದು 85,000 ಇತ್ತು. ರೋಡ್ ಟ್ಯಾಕ್ಸ್ ಅದರಲ್ಲಿ ಸೇರಲ್ಲ ನಿಜ, ಆದ್ರೂ ಚೌಕಾಸಿ ಅಲ್ಲಿಂದ ಶುರು ಮಾಡ್ಬೇಕಿತ್ತು, ಅಂಗಡಿಯವ್ರು ಹೇಳಿದ ರೇಟಿಂದ ಅಲ್ಲ.

ಆರ್‌ಸಿ ಕಥೆ ಇನ್ನೂ ಬೇಜಾರು. ಹಳೇ ಓನರ್ ಲೋನ್ ಕಟ್ಟಿ ಮುಗಿಸಿದ್ರೂ ಎಚ್‌ಪಿ, ಅಂದ್ರೆ ಗಾಡಿ ಮೇಲೆ ಸಾಲ ಇದೆ ಅಂತ ಆರ್‌ಸಿಯಲ್ಲಿ ಇರೋ ನಮೂದು, ತೆಗೆಸಿರ್ಲಿಲ್ಲ. ಸರ್ಕಾರದ ಎಂಪರಿವಾಹನ್ ಆಪಲ್ಲಿ ನಂಬರ್ ಹಾಕಿದ್ರೆ ಎರಡು ನಿಮಿಷದಲ್ಲಿ ಕಾಣ್ತಿತ್ತು, ನಾನು ದುಡ್ಡು ಕೊಟ್ಟ ಮೇಲೆ ನೋಡಿದೆ. ಸಾಲ ತೀರಿದೆ ಅಂತ ಬ್ಯಾಂಕ್ ಕೊಡೋ ಎನ್ಒಸಿ, ಎಚ್‌ಪಿ ತೆಗೆಸೋಕೆ ಕೊಡೋ ಫಾರಂ 35 ಇಲ್ದೆ ಅದು ಹೋಗಲ್ಲ. ಅಂಗಡಿಯವ್ರು ಹದಿನೈದು ದಿನ ಅಂದಿದ್ದು ಮೂರು ತಿಂಗಳಾಯ್ತು, ಅಷ್ಟು ದಿನ ಪೊಲೀಸ್ ಕಂಡಾಗೆಲ್ಲಾ ಎದೆ ಹೊಡ್ಕೊಳ್ತಿತ್ತು.

ಹೊಸದು ತಗೊಳ್ಳೋರೂ ಕೊಟೇಶನ್ ಸಾಲು ಸಾಲಾಗಿ ಓದಿ. ಭಾವನ ಕೊಟೇಶನಲ್ಲಿ ಮೊದ್ಲು ಹ್ಯಾಂಡ್ಲಿಂಗ್ ಚಾರ್ಜ್, ಕೋಟಿಂಗ್, ಹೆಲ್ಮೆಟ್ ಅಂತ ಸೇರಿಸಿದ್ರು, ಹೆಲ್ಮೆಟ್ ಬೈಕ್ ಜೊತೆಗೇ ಕೊಡ್ಬೇಕು ಅಂತ ರೂಲ್ ಇದೆ, ಇನ್ಶೂರೆನ್ಸೂ ಅವರ ಹತ್ರಾನೇ ಮಾಡಿಸ್ಬೇಕು ಅಂತಿಲ್ಲ. ಕೂತು ಕೇಳಿದ್ಮೇಲೆ ತೆಗೆದ್ರು.

ಹಳೇದೇ ಬೇಕು ಅಂದ್ರೆ ಮೆಕ್ಯಾನಿಕ್‌ನ ಕರ್ಕೊಂಡು ಹೋಗಿ, ಗಾಡಿ ಅಡಿಗೆ ಟಾರ್ಚ್ ಬಿಟ್ಟು ನೋಡಿ, ಆರ್‌ಸಿ ನಿಮ್ಮ ಹೆಸರಿಗೆ ಆಗೋವರೆಗೆ ಒಂದಿಷ್ಟು ದುಡ್ಡು ನಿಮ್ಮ ಕೈಯಲ್ಲೇ ಇಟ್ಕೊಳ್ಳಿ.