ಕಾಸರಗೋಡಿನ ಅಂಗಳದಲ್ಲಿ 8 ಇಂಚಿನ ಡಾಬ್ಸೋನಿಯನ್: ಬೇಸಿಗೆ ಕೊನೆಯ ಗೆಲಾಕ್ಸಿಗಳು, ಮಳೆಗಾಲದ ಬೂಸ್ಟು

ಗೆಲಾಕ್ಸಿ ನೋಡುವ ಆಸೆಯಿಂದ ಟೆಲಿಸ್ಕೋಪ್ ಹುಡುಕುತ್ತಿರುವ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರಿಗೆ ನಾನು ಹೇಳುವುದು ಇಷ್ಟೇ: 8 ಇಂಚು ಅಗಲದ ಕನ್ನಡಿ ಇರುವ ಡಾಬ್ಸೋನಿಯನ್ ಟೆಲಿಸ್ಕೋಪ್ ತೆಗೆದುಕೊಳ್ಳಿ. ವಿಷು ಕಳೆದ ಮೇಲೆ ಮಳೆ ಹಿಡಿಯುವವರೆಗಿನ ರಾತ್ರಿಗಳನ್ನು ಅದಕ್ಕೆಂದೇ ಇಟ್ಟುಕೊಳ್ಳಿ. ಐದಾರು ವರ್ಷದಿಂದ ನಮ್ಮ ಮನೆಯ ಅಡಿಕೆ ಅಂಗಳದಲ್ಲಿ ಇದನ್ನು ಬಳಸುತ್ತಿದ್ದೇನೆ. ಒಣ ಹವೆಯ ಊರಿನವರು ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ನಮ್ಮ ಸೆಕೆ, ನಮ್ಮ ತೇವ, ನಮ್ಮ ಆಕಾಶಕ್ಕೆ ಇದು ಹೇಗೆ ಒಗ್ಗುತ್ತದೆ ಎಂದು ಬರೆದದ್ದು ಕಾಣಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಸಾಮಾನಿನ ವಿಷಯ. ಕನ್ನಡಿಯ ಅಗಲ 203 ಮಿ.ಮೀ., ಫೋಕಲ್ ಲೆಂತ್ (ಕನ್ನಡಿಯಿಂದ ಬೆಳಕು ಒಂದೆಡೆ ಕೂಡುವ ದೂರ) 1200 ಮಿ.ಮೀ. ಜೊತೆಗೆ ಬಂದ 25 ಮಿ.ಮೀ. ಐಪೀಸ್ (ಕಣ್ಣಿಡುವ ಕಡೆಯ ಮಸೂರ) ಹಾಕಿದರೆ 48 ಪಟ್ಟು, 10 ಮಿ.ಮೀ. ಹಾಕಿದರೆ 120 ಪಟ್ಟು ದೊಡ್ಡದಾಗಿ ಕಾಣುತ್ತದೆ. ಆದರೆ ಗೆಲಾಕ್ಸಿಗೆ ಎಷ್ಟು ಪಟ್ಟು ಅನ್ನುವುದು ಮುಖ್ಯ ಅಲ್ಲ, ಎಷ್ಟು ಬೆಳಕು ಅನ್ನುವುದು ಮುಖ್ಯ. ಕತ್ತಲಿಗೆ ಒಗ್ಗಿದ ಕಣ್ಣಿನ ಪಾಪೆ 7 ಮಿ.ಮೀ. ಅಂದುಕೊಂಡರೆ, ಈ ಕನ್ನಡಿ ಕಣ್ಣಿಗಿಂತ ಸುಮಾರು 840 ಪಟ್ಟು ಬೆಳಕು ಹಿಡಿಯುತ್ತದೆ. ಅದೇ ದುಡ್ಡಿಗೆ ಮೋಟಾರು, ಆ್ಯಪ್ ಎಲ್ಲ ಇರುವ ಸಣ್ಣ ಟೆಲಿಸ್ಕೋಪ್ ಕೂಡ ಸಿಗುತ್ತದೆ. ಗೆಲಾಕ್ಸಿಯ ಆಸೆ ಇದ್ದರೆ ಅದು ಬೇಡ. ಇದರಲ್ಲಿ ಮೋಟಾರಿಲ್ಲ, ವಯರಿಲ್ಲ. ಒಂದು ಮರದ ಪೆಟ್ಟಿಗೆ, ಅದರ ಮೇಲೆ ಕೂತ ಕೊಳವೆ, ಕೈಯಲ್ಲಿ ತಳ್ಳಿದರೆ ತಿರುಗುತ್ತದೆ. ಕ್ಯಾಲಿಫೋರ್ನಿಯಾದ ವೇದಾಂತ ಸೊಸೈಟಿಯ ಮಠಗಳಲ್ಲಿ 1944ರಿಂದ 1967ರವರೆಗೆ ಸನ್ಯಾಸಿಯಾಗಿದ್ದ ಜಾನ್ ಡಾಬ್ಸನ್ ಈ ನಮೂನೆಯನ್ನು ಜನರ ನಡುವೆ ತಂದವರು. ಹಡಗಿನ ಕಿಟಕಿಯ ಹಳೆ ಗಾಜನ್ನು ತಿಕ್ಕಿ ಕನ್ನಡಿ ಮಾಡಿ, ರಸ್ತೆ ಬದಿಯಲ್ಲಿ ಹೋಗುವವರಿಗೆಲ್ಲ ಆಕಾಶ ತೋರಿಸಿದವರು. ಕೈಗೆಟುಕುವ ಬೆಲೆಗೆ ಇಷ್ಟು ದೊಡ್ಡ ಕನ್ನಡಿ ನಮಗೆ ಸಿಗುವುದು ಅವರ ಆ ಸರಳ ಪೆಟ್ಟಿಗೆಯಿಂದಾಗಿ.

ಈಗ ನನಗೆ ಅತಿ ಖುಷಿ ಕೊಡುವ ಸಂಗತಿ. ಬದಿಯಡ್ಕದ ಅಕ್ಷಾಂಶ ಸುಮಾರು 12.6 ಡಿಗ್ರಿ ಉತ್ತರ. ಕನ್ಯಾ ರಾಶಿಯ ಗೆಲಾಕ್ಸಿ ಗುಂಪಿನ ನಡುವಿನ M87 ಗೆಲಾಕ್ಸಿ (M, NGC ಎಂದರೆ ಆಕಾಶದ ವಸ್ತುಗಳ ಪಟ್ಟಿಯ ಸಂಖ್ಯೆ) ಇರುವುದು ಆಕಾಶದ ಅಕ್ಷಾಂಶದಲ್ಲಿ ಉತ್ತರ 12.4 ಡಿಗ್ರಿಯಲ್ಲಿ. ಅಂದರೆ ಸಾವಿರಕ್ಕೂ ಜಾಸ್ತಿ ಗೆಲಾಕ್ಸಿಗಳಿರುವ ಆ ಗುಂಪು ನಮ್ಮ ತಲೆಯ ಮೇಲೇ ದಾಟಿಹೋಗುತ್ತದೆ. ನೆತ್ತಿಯ ಮೇಲೆ ಗಾಳಿಯ ಪದರ ಅತಿ ತೆಳು, ಧೂಳು ಕಡಿಮೆ, ಪೇಟೆಯ ಬೆಳಕೂ ಕಡಿಮೆ. ಮಂದ ವಸ್ತು ನೋಡಲು ಅದಕ್ಕಿಂತ ಒಳ್ಳೆಯ ಜಾಗ ಆಕಾಶದಲ್ಲಿ ಇಲ್ಲ. ಲಂಡನ್ನಿನವರಿಗೆ ಇದೇ ಗುಂಪು 51 ಡಿಗ್ರಿಗಿಂತ ಮೇಲೇರುವುದಿಲ್ಲ. ಅದೂ ನೆತ್ತಿಗೆ ಬರುವ ಹೊತ್ತು ನೋಡಿ: ವಿಷುವಿನ ಹೊತ್ತಿಗೆ ರಾತ್ರಿ ಹನ್ನೊಂದೂವರೆ, ಮೇ ನಡುವಿನಲ್ಲಿ ಒಂಬತ್ತೂವರೆ. ಊಟ ಮುಗಿಸಿ ಅಂಗಳಕ್ಕಿಳಿದರೆ ಸಾಕು, ನಿದ್ದೆಗೆಡಬೇಕಾಗಿಲ್ಲ.

ಹುಡುಕುವುದೂ ಕಷ್ಟವಿಲ್ಲ. ಉತ್ತರೆ ನಕ್ಷತ್ರ ನಮ್ಮ ಹಿರಿಯರಿಗೆಲ್ಲ ಗೊತ್ತು, ಅದೇ ಡೆನೆಬೋಲ. ಅದರಿಂದ ಪೂರ್ವಕ್ಕೆ ವಿಂಡೆಮಿಯಾಟ್ರಿಕ್ಸ್ ಎಂಬ ನಕ್ಷತ್ರಕ್ಕೆ ಗೆರೆ ಎಳೆದುಕೊಳ್ಳಿ. ಆ ಗೆರೆಯ ನಡುವಿಗೆ ಕೊಳವೆ ತಿರುಗಿಸಿದರೆ M84, M86 ಒಟ್ಟಿಗೇ ಬರುತ್ತವೆ. ಅಲ್ಲಿಂದ ಮೆಲ್ಲ ಪೂರ್ವಕ್ಕೆ ಸರಿಸಿದರೆ ಜೋಡಿ ಕಣ್ಣಿನ ಹಾಗಿರುವ NGC 4435 ಮತ್ತು 4438. ಸಾಲಾಗಿ ನಿಂತ ಈ ಗೆಲಾಕ್ಸಿಗಳೇ ಮಾರ್ಕೇರಿಯನ್ ಸರಪಣಿ. ನಾನು ಆಮೇಲೆ 30 ಮಿ.ಮೀ.ಯ ಎರಡಿಂಚು ಐಪೀಸ್ ಕೊಂಡೆ. ಅದರಲ್ಲಿ ಇಡೀ ಸರಪಣಿ ಒಂದೇ ನೋಟದಲ್ಲಿ ಹಿಡಿಯುತ್ತದೆ. ಇಷ್ಟು ವರ್ಷದಲ್ಲಿ ಖರ್ಚು ಮಾಡಿದ್ದರಲ್ಲಿ ಅತಿ ಸಾರ್ಥಕ ಅನಿಸಿದ್ದು ಅದೇ.

M87 ಇದರಲ್ಲಿ ದುಂಡಗಿನ, ನಡುವೆ ಹೊಳೆಯುವ ಮಂಜಿನ ಉಂಡೆ. 2019ರ ಏಪ್ರಿಲ್ 10ರಂದು ಮೊದಲ ಕಪ್ಪುಕುಳಿಯ ಚಿತ್ರ ಬಂತಲ್ಲ, ಅದು ಇದರ ಹೊಟ್ಟೆಯೊಳಗಿನದ್ದು. ಕುಳಿಯಾಗಲಿ, ಅದರ ಬಳಿಯಿಂದ ಚಿಮ್ಮುವ ಕಣಗಳ ಧಾರೆ (ಜೆಟ್) ಆಗಲಿ 8 ಇಂಚಿನಲ್ಲಿ ಕಾಣುವುದಿಲ್ಲ. ಆದರೆ ಆ ಬೆಳಕು ಹೊರಟು ಐದು ಕೋಟಿ ವರ್ಷ ದಾಟಿದೆ. ಹಿಮಾಲಯ ಆಗ ಈಗಿನ ಎತ್ತರಕ್ಕೆ ಬಂದೇ ಇರಲಿಲ್ಲ. ಕ್ಯಾಮೆರಾ, ಕಂಪ್ಯೂಟರ್ ಯಾವುದೂ ನಡುವೆ ಇಲ್ಲದೆ ಅದೇ ಬೆಳಕು ನೇರ ಕಣ್ಣಿಗೆ ಬೀಳುತ್ತದೆ. ನನಗೆ ಇವತ್ತಿಗೂ ಅದು ಹಳತಾಗಿಲ್ಲ.

ಒಂದು ಮಾತು ಮೊದಲೇ ತಿಳಿದಿರಲಿ. ಪೆಟ್ಟಿಗೆಯ ಮೇಲಿನ ಬಣ್ಣದ ಚಿತ್ರದಂತೆ ಯಾವ ಗೆಲಾಕ್ಸಿಯೂ ಕಾಣುವುದಿಲ್ಲ. ಎಲ್ಲವೂ ಬೂದು ಬಣ್ಣ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಹಿಡಿಯುವುದೇ ಇಲ್ಲ. ರಜೆಗೆ ಬಂದ ತಂಗಿಯ ಮಗ ಮೊದಲು ನೋಡಿ, "ಮಾವ, ಎಂತ ಸಾ ಕಾಣುವುದಿಲ್ಲ" ಅಂದ. ಅರ್ಧ ಗಂಟೆ ಮೊಬೈಲ್ ಮುಟ್ಟದೆ ಕತ್ತಲಲ್ಲಿ ಕೂರಿಸಿದೆ. ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಲು ಹೇಳಿದೆ, ಕೊಳವೆಯನ್ನು ಬೆರಳಿನಲ್ಲಿ ಮೆಲ್ಲ ತಟ್ಟಿದೆ. ಅಲುಗಾಡುವ ಮಂದ ವಸ್ತುವನ್ನು ಕಣ್ಣು ಬೇಗ ಹಿಡಿಯುತ್ತದೆ. ಆಮೇಲೆ ಅವನೇ ಒಂದೊಂದಾಗಿ ತೋರಿಸತೊಡಗಿದ. ಈ ಅರ್ಧ ಗಂಟೆ ಕೊಡಲು ಮನಸ್ಸಿಲ್ಲದವರಿಗೆ ಟೆಲಿಸ್ಕೋಪ್ ಎಷ್ಟು ದೊಡ್ಡದಾದರೂ ಗೆಲಾಕ್ಸಿ ರುಚಿಸದು.

ದಕ್ಷಿಣದ ಆಕಾಶ ನಮಗಿರುವ ಇನ್ನೊಂದು ಭಾಗ್ಯ. ಹಸ್ತಾ ನಕ್ಷತ್ರದ ಈಶಾನ್ಯ ಮೂಲೆಯ ಚುಕ್ಕಿಯಿಂದ ಐದೂವರೆ ಡಿಗ್ರಿ ಮೇಲೆ ಹೋದರೆ ಸೊಂಬ್ರೆರೋ ಗೆಲಾಕ್ಸಿ, M104. ಒಳ್ಳೆಯ ರಾತ್ರಿಯಲ್ಲಿ ಅದನ್ನು ಸೀಳುವ ಕಪ್ಪು ಧೂಳಿನ ಪಟ್ಟಿ 120 ಪಟ್ಟಿನಲ್ಲಿ ಸಣ್ಣಗೆ ತಿಳಿಯುತ್ತದೆ. ಇನ್ನೂ ಕೆಳಗೆ ಸೆಂಟಾರಸ್ ಎ, ಅಂದರೆ NGC 5128. 1826ರಲ್ಲಿ ಜೇಮ್ಸ್ ಡನ್‌ಲಪ್ ಆಸ್ಟ್ರೇಲಿಯಾದಿಂದ ಕಂಡುಹಿಡಿದದ್ದು. ಇಂಗ್ಲೆಂಡಿನವರಿಗೆ ಅದು ಹುಟ್ಟುವುದೇ ಇಲ್ಲ, ನಮಗೆ 34 ಡಿಗ್ರಿ ಎತ್ತರಕ್ಕೆ ಬರುತ್ತದೆ. ತೊಂದರೆ ಎಂದರೆ ನಮ್ಮ ಅಂಗಳದ ತೆಂಕು ಬದಿಗೆ ಅಡಿಕೆ ತೋಟ. ಹಾಗಾಗಿ ಇದೊಂದಕ್ಕೆ ಟೆಲಿಸ್ಕೋಪನ್ನು ಜೀಪಿನಲ್ಲಿಟ್ಟು ಪದವಿಗೆ, ಅಂದರೆ ಮುರಕಲ್ಲಿನ ಬೋಳು ಗುಡ್ಡದ ಮೇಲಿನ ಬಯಲಿಗೆ, ಒಯ್ಯುತ್ತೇವೆ. ಮುರಕಲ್ಲು ಹಗಲಿಡೀ ಕಾದಿರುತ್ತದೆ, ನಡುರಾತ್ರಿವರೆಗೂ ಬಿಸಿ ಬಿಡುತ್ತದೆ, ನೋಟ ನಡುಗುತ್ತದೆ. ಗ್ರಹಗಳಿಗೆ ಅದು ದೊಡ್ಡ ಅಡ್ಡಿ, ಕಡಿಮೆ ಪಟ್ಟಿನಲ್ಲಿ ನೋಡುವ ಗೆಲಾಕ್ಸಿಗೆ ಅಷ್ಟಿಲ್ಲ. ಸೆಂಟಾರಸ್ ಎ ನಡುವಿನ ಅಗಲ ಕಪ್ಪು ಪಟ್ಟಿ ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ಯಾವ ರಾತ್ರಿ ಒಳ್ಳೆಯದು? ಏಪ್ರಿಲ್‌ನಲ್ಲಿ ಆಕಾಶ ಮೋಡವಿಲ್ಲದಿದ್ದರೂ ಮಬ್ಬು. ಸಂಜೆ ಗುಡುಗಿ ಒಂದು ಮಳೆ ಬಿದ್ದು ಒಂಬತ್ತಕ್ಕೆ ಬಿಟ್ಟರೆ ಅದೇ ಹಬ್ಬ. ಧೂಳೆಲ್ಲ ತೊಳೆದುಹೋಗಿರುತ್ತದೆ. ಆದರೆ ಆಗ ತೇವದಿಂದ ಫೈಂಡರಿನ (ಗುರಿ ಹಿಡಿಯಲು ಕೊಳವೆಯ ಮೇಲೆ ಕೂರಿಸಿದ ಸಣ್ಣ ದುರ್ಬೀನಿನ) ಗಾಜು ಮಸುಕಾಗುತ್ತದೆ, ಹೇರ್ ಡ್ರೈಯರ್ ಹತ್ತಿರ ಇಟ್ಟುಕೊಳ್ಳಬೇಕು. ವಾಯವ್ಯದಲ್ಲಿ ಮಂಗಳೂರಿನ ಬೆಳಕು ವರ್ಷದಿಂದ ವರ್ಷಕ್ಕೆ ಮೇಲೇರುತ್ತಿದೆ. ಅದಕ್ಕಿಂತ ಕಾಡುವುದು ಹತ್ತಿರದ ಎಲ್‌ಇಡಿ ದೀಪ. ಪಕ್ಕದ ಮನೆಯವರಲ್ಲಿ ಕೇಳಿಕೊಂಡರೆ ಆರಿಸುತ್ತಾರೆ, ಅವರನ್ನೂ ನೋಡಲು ಕರೆಯಿರಿ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಇದರ ಸೀಸನ್ನೂ ಹೆಚ್ಚುಕಡಿಮೆ ಮುಗಿಯುತ್ತದೆ.

ಕೊರತೆಗಳೂ ಇವೆ. ನೆತ್ತಿಯ ಮೇಲೆ ಗುಂಪು ಬರುತ್ತದೆ ಅಂದೆನಲ್ಲ, ಡಾಬ್ಸೋನಿಯನ್‌ಗೆ ಅತಿ ಕಷ್ಟದ ಜಾಗವೂ ಅದೇ. ಕೊಳವೆ ನೆಟ್ಟಗೆ ನಿಂತರೆ ಪಕ್ಕಕ್ಕೆ ತಿರುಗಿಸಲು ಹಿಡಿತವೇ ಸಿಗುವುದಿಲ್ಲ, ಸ್ವಲ್ಪ ಸರಿಸಲು ಇಡೀ ಬುಡವನ್ನೇ ತಿರುಗಿಸಬೇಕು. ಗುಂಪು ನೆತ್ತಿಗೆ ಬರುವ ಒಂದು ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ ನೋಡಿದರೆ ಈ ತಾಪತ್ರಯವಿಲ್ಲ. ಬುಡ, ಕೊಳವೆ ಎರಡೂ ಸೇರಿ 20 ಕಿಲೋ ಮೀರುತ್ತದೆ, ಬೇರೆ ಬೇರೆ ಎತ್ತಿಕೊಂಡು ಹೋಗಬೇಕು. ಜೊತೆಗೆ ಬಂದ 10 ಮಿ.ಮೀ. ಐಪೀಸ್ ಸಾಧಾರಣ.

ನಿಜವಾದ ಪರೀಕ್ಷೆ ಜೂನ್‌ನಿಂದ ಸೆಪ್ಟೆಂಬರ್. ಬುಡ ಮಾಡಿದ್ದು ಪಾರ್ಟಿಕಲ್ ಬೋರ್ಡಿನಿಂದ. ಎರಡನೇ ಮಳೆಗಾಲಕ್ಕೆ ಅಂಚು ಉಬ್ಬಿತು, ಮೂರನೆಯದಕ್ಕೆ ಸ್ಕ್ರೂ ಹಿಡಿಯದಾಯಿತು. ಊರಿನ ಆಚಾರಿಯವರಿಗೆ ಅಳತೆ ಕೊಟ್ಟೆ, ಹಲಸಿನ ಹಲಗೆಯಲ್ಲಿ ಹೊಸದು ಮಾಡಿಕೊಟ್ಟರು. ಹಳೆಯದರ ಟೆಫ್ಲಾನ್ ತುಂಡುಗಳನ್ನೇ ಹಾಕಿದೆವು. ಭಾರ ಸ್ವಲ್ಪ ಜಾಸ್ತಿ, ಆದರೆ ಚಲನೆ ಮೊದಲಿಗಿಂತ ನಯ, ಅಲುಗಾಟ ಕಡಿಮೆ. ಐಪೀಸ್‌ಗಳನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಲೇಬೇಕು, ಇಲ್ಲದಿದ್ದರೆ ಗಾಜಿಗೆ ಬೂಸ್ಟು ಹಿಡಿಯುತ್ತದೆ. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಒಣ ಜಾಗ ಎಂದು ಕೊಳವೆಯನ್ನು ಅಡುಗೆಮನೆಯ ಅಟ್ಟದಲ್ಲಿ ಇಡಬೇಡಿ, ಕನ್ನಡಿಗೆ ಹೊಗೆ ಕೂರುತ್ತದೆ. ನಮ್ಮದು ಒಂದು ಸಣ್ಣ ಬಲ್ಬ್ ಉರಿಯುವ ಕಪಾಟಿನಲ್ಲಿ, ಎರಡೂ ಬಾಯಿ ಮುಚ್ಚಿ ಇರುತ್ತದೆ. ಕಣಜದ ಹುಳ ಮಣ್ಣಿನ ಗೂಡು ಕಟ್ಟಲು ಸಂದು ಹುಡುಕುತ್ತಿರುತ್ತದೆ, ಸ್ಕ್ರೂ ತೂತುಗಳಿಗೂ ಟೇಪ್ ಹಚ್ಚಿ. ಕನ್ನಡಿಯ ಮೇಲಿನ ಧೂಳನ್ನು ಬಟ್ಟೆಯಲ್ಲಿ ಒರೆಸಲೇಬೇಡಿ. ತೀರಾ ಕೊಳೆಯಾದರೆ ಮಾತ್ರ ಹೊರತೆಗೆದು ನೀರು ಹಾಯಿಸಿ, ಕೊನೆಗೆ ಡಿಸ್ಟಿಲ್ಡ್ ನೀರು ಸುರಿದು ಓರೆಯಾಗಿ ಒಣಗಲು ಬಿಡಿ.

ಅಕ್ಟೋಬರ್‌ನಲ್ಲಿ ಆಕಾಶ ಬಿಟ್ಟ ಮೇಲೆ ಆಂಡ್ರೊಮಿಡಾ, NGC 253 ಗೆಲಾಕ್ಸಿಗಳು ಚೆನ್ನಾಗಿಯೇ ಕಾಣುತ್ತವೆ. ಆದರೆ ಏಪ್ರಿಲ್, ಮೇ ತಿಂಗಳ ಆ ದಟ್ಟಣೆ ಆಗ ಇಲ್ಲ.

ಕೊಳ್ಳುವವರು ಡಿಸೆಂಬರ್, ಜನವರಿಯಲ್ಲೇ ತರಿಸಿಕೊಳ್ಳಿ. ಎರಡು ಕನ್ನಡಿಗಳನ್ನು ಒಂದಕ್ಕೊಂದು ಸರಿಹೊಂದಿಸುವ ಕೊಲಿಮೇಶನ್ ಕೆಲಸ ಚಂದ್ರ, ಗುರುವನ್ನು ನೋಡುತ್ತಾ ಕೈಗೆ ಹತ್ತುತ್ತದೆ. ಜೀಪಿನಲ್ಲಿ ಒಯ್ದಾಗಲೆಲ್ಲ ಅದನ್ನು ಮತ್ತೆ ಮಾಡಬೇಕು, ಅಭ್ಯಾಸವಾದರೆ ಐದು ನಿಮಿಷ. ಫೋಟೋ ತೆಗೆಯುವ ಆಸೆ ಇದ್ದರೆ ಇದು ನಿಮಗಲ್ಲ. ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಧಾರಾಳ ಕೊಳ್ಳಿ. ಕರಾವಳಿಯ ಮನೆಯದ್ದಾದರೆ ಟಾರ್ಚ್ ಹಿಡಿದು ಕನ್ನಡಿಯಲ್ಲಿ ಕಲೆ, ಐಪೀಸಿನೊಳಗೆ ಬೂಸ್ಟಿನ ಎಳೆ ಇದೆಯಾ ಎಂದು ನೋಡಿಯೇ ದುಡ್ಡು ಕೊಡಿ. ಬುಡ ಉಬ್ಬಿದ್ದರೆ ಚಿಂತೆಯಿಲ್ಲ, ಬೆಲೆ ಇಳಿಸಿಕೊಳ್ಳಿ. ಅದನ್ನು ಯಾವ ಆಚಾರಿಯೂ ಮಾಡಿಕೊಡುತ್ತಾರೆ.