ನಾಲ್ಕು ಬೇಸಿಗೆ ಕಳೆದ್ಮೇಲೆ ನಮ್ಮ ರೇಡಿಯೋ ಸ್ಟುಡಿಯೋ ಡಿಸೈನ್ ಬಗ್ಗೆ

ಬಳ್ಳಾರಿ-ಹೊಸಪೇಟೆ ರೋಡಿಗೆ ಹತ್ರ ನಮ್ಮ ಸಮುದಾಯ ರೇಡಿಯೋ ಐತೆ, ಕಂಟ್ರೋಲ್ ರೂಮ್ ನೋಡ್ಕೊಳ್ಳೋನು ನಾನೇ. ಬಿಲ್ಡಿಂಗ್ ನಕ್ಷೆ ಒಬ್ರು ಆರ್ಕಿಟೆಕ್ಟ್ ಕಡೆ ಮಾಡಿಸಿದ್ವಿ. 5ಕ್ಕೆ 4 ಸ್ಟಾರ್ ಕೊಡ್ತೀನಿ.

ಸ್ಟುಡಿಯೋ ಮಾತ್ರ ಭಾಳ ಚಲೋ ಮಾಡ್ಯಾರೆ. ಅದಿರು ಲಾರಿ ಹಗಲು ರಾತ್ರಿ ಓಡಾಡೋ ಜಾಗ ಇದು, ಗೋಡೆಗೆ ಫೋಮ್ ಹಚ್ಚಿದ್ರೆ ಸಾಕು ಅಂತ ನಾವು ಅಂದ್ಕೊಂಡಿದ್ವಿ, ಅವ್ರು ಮೊದಲ ದಿನಾನೇ ಬೇಡ ಅಂದ್ರು, ಫೋಮ್ ರೂಮಿನ ಒಳಗಿನ ಪ್ರತಿಧ್ವನಿ ಕಮ್ಮಿ ಮಾಡುತ್ತೆ ಅಷ್ಟೇ, ಹೊರಗಿನ ಸೌಂಡ್ ತಡಿಯೋಕೆ ಗೋಡೆ ಭಾರ ಇರ್ಬೇಕು ಅಂತ. ಅದಕ್ಕೆ ಎರಡು ಇಟ್ಟಿಗೆ ಗೋಡೆ, ಒಂದಕ್ಕೊಂದು ತಾಗಂಗಿಲ್ಲ, ನಡುವೆ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡೋ ಹತ್ತಿ ತರದ ನಾರು). ಲಾರಿ ಅದುರೋದು ನೆಲದಾಗಿಂದ ಬರುತ್ತಲ್ಲ, ಅದಕ್ಕೆ ಸ್ಟುಡಿಯೋ ನೆಲಾನೂ ರಬ್ಬರ್ ಪ್ಯಾಡ್ ಮೇಲೆ ಬೇರೆ ಕಾಂಕ್ರೀಟ್. ಬಾಗಿಲು ಎರಡು, ಒಂದು ಮುಚ್ಚಿದ ಮೇಲೇನೇ ಇನ್ನೊಂದು ತೆಗೀಬೇಕು. ಎಸಿ ಗಾಳಿ ದೊಡ್ಡ ಡಕ್ಟ್‌ನಾಗೆ ನಿಧಾನ ಬರುತ್ತೆ, ಸೌಂಡ್ ಬರಂಗಿಲ್ಲ, ಹಂಗಾಗಿ ಮೇ ತಿಂಗಳಾಗೂ ಎಸಿ ಬಂದ್ ಮಾಡ್ದೆ ರೆಕಾರ್ಡಿಂಗ್ ಮಾಡ್ತೀವಿ. ಸೋಬಾನೆ ಪದ ಹಾಡೋಕೆ ಬಂದಿದ್ದ ಅಜ್ಜಿ ಉಸಿರು ಎಳ್ಕೊಳ್ಳೋದೂ ಸ್ಪಷ್ಟ ಕೇಳುತ್ತೆ, ಆ ರೆಕಾರ್ಡಿಂಗ್ ಕೇಳಿದಾಗೆಲ್ಲ ಖರ್ಚು ಮಾಡಿದ ರೊಕ್ಕ ದಂಡ ಆಗ್ಲಿಲ್ಲ ಅನ್ಸುತ್ತೆ.

ಒಂದು ಸ್ಟಾರ್ ಕಟ್ ಮಾಡಿದ್ದು ಟ್ರಾನ್ಸ್‌ಮಿಟರ್ ರೂಮಿಗೆ. ಸಮುದಾಯ ರೇಡಿಯೋಕ್ಕೆ ಸಾಮಾನ್ಯವಾಗಿ 100 ವ್ಯಾಟ್ ಇಆರ್‌ಪಿ (ಆಂಟೆನಾದಿಂದ ಹೊರಗೆ ಹೋಗೋ ಪವರ್ ಲೆಕ್ಕ) ಮಾತ್ರ ಪರ್ಮಿಷನ್, ಆಂಟೆನಾ ಎತ್ತರ 30 ಮೀಟರ್ ದಾಟಂಗಿಲ್ಲ, ಇರೋ ಪವರ್ ಕೇಬಲ್‌ನಾಗೆ ಕಳ್ಕೋಬಾರ್ದು ಅಂತ ಟವರ್ ಬುಡದಾಗೇ ರೂಮ್ ಇಟ್ರು, ಅದು ಸರಿನೇ. ಆದ್ರೆ ಟವರ್ ಇರೋದು ಪಡುವಣ ಮೂಲೆಗೆ. ಮಧ್ಯಾಹ್ನದ ಮೇಲೆ ಬಿಸಿಲು ಸೀದಾ ಗೋಡೆಗೆ ಹೊಡೀತದೆ, ನೆರಳಿಗೆ ಏನೂ ಇಲ್ಲ, ಒಳಗೆ ಒಂದೇ ಎಸಿ ಹಾಕಿದ್ರು. ಎರಡನೇ ವರ್ಷ ಏಪ್ರಿಲ್‌ನಾಗೆ ಆ ಎಸಿ ಕೆಟ್ಟು, ಟ್ರಾನ್ಸ್‌ಮಿಟರ್ ಹೀಟ್ ಆಗಿ ತಾನೇ ಬಂದ್ ಆತು, ರೈತರ ಲೈವ್ ಪ್ರೋಗ್ರಾಂ ನಡುವೇನೇ. ಫೋನ್ ಲೈನ್‌ನಾಗೆ ಇದ್ದ ರೈತರಿಗೆ ಏನು ಹೇಳ್ಬೇಕು ಗೊತ್ತಾಗ್ಲಿಲ್ಲ, ಭಾಳ ಬೇಜಾರಾತು. ಆಮೇಲೆ ಇನ್ನೊಂದು ಎಸಿ ಹಾಕ್ಸಿ ಟೈಮರ್ ಮೇಲೆ ಪಾಳಿ ಪ್ರಕಾರ ಓಡಿಸ್ತಿದೀವಿ, ಗೋಡೆಗೆ ಹೊರಗಿಂದ ತಗಡಿನ ಮರೆ ಕಟ್ಟಿದೀವಿ. ಕೆಂಪು ಧೂಳಿಗೆ ಫಿಲ್ಟರ್ ವಾರಕ್ಕೊಮ್ಮೆ ತೊಳೀಲೇಬೇಕು.

ಮಷಿನ್‌ಗಳನ್ನ ಜೋಡಿಸಿಡೋ ರ‍್ಯಾಕ್ ಗೋಡೆಗೆ ಅಂಟಿಸಿ ಇಟ್ಟಿದ್ದು ಇನ್ನೊಂದು ತಪ್ಪು, ಹಿಂದಿನ ಒಂದು ವೈರ್ ಮುಟ್ಬೇಕಂದ್ರೂ ಇಬ್ರು ಸೇರಿ ಎಳೀಬೇಕು. ಹೊಸದಾಗಿ ಕಟ್ಟೋರು ನಕ್ಷೆಗೆ ಸೈನ್ ಹಾಕೋ ಮುಂಚೆ ರ‍್ಯಾಕ್ ಹಿಂದೆ ಮೂರಡಿ ಜಾಗ ಬಿಡ್ಸ್ಕೊಳ್ರಿ, ಎರಡನೇ ಎಸಿಗೆ ಪಾಯಿಂಟ್ ಕೂಡ ಆವಾಗ್ಲೇ ಹಾಕಿಸ್ರಿ.