ಸರ್ಚ್ ಟೀಮ್ ರಿಸಲ್ಟ್ ಕೊಡ್ತಿಲ್ವಾ? ಮೊದ್ಲು ಗೂಗಲ್ ಸರ್ಚ್ ಕನ್ಸೋಲ್ ಓಪನ್ ಮಾಡಿ

ನಮ್ಮ ಕಂಪನಿಯ ಎಸ್‌ಇಒ ಟೀಮ್ (ಗೂಗಲ್ ಸರ್ಚಲ್ಲಿ ನಮ್ಮ ಸೈಟ್ ಮೇಲೆ ಬರೋ ಹಾಗೆ ನೋಡ್ಕೊಳ್ಳೋವ್ರು) ಮೇಲೆ ಮ್ಯಾನೇಜ್‌ಮೆಂಟ್ ಗರಂ ಆಗಿತ್ತು, ಹೊರಗಿನ ಏಜೆನ್ಸಿಗೆ ಕೊಟ್ಬಿಡೋಣ ಅನ್ನೋವರ್ಗೂ ಮಾತು ಹೋಗಿತ್ತು. ಅದಕ್ಕೂ ಮುಂಚೆ ಸರ್ಚ್ ಕನ್ಸೋಲ್ ಓಪನ್ ಮಾಡ್ಕೊಂಡು ಟೀಮ್ ಜೊತೆ ಕೂತ್ಕೊಳ್ಳಿ ಅಂತೀನಿ ನಾನು. ನಮ್ಮ ಸೈಟ್ ಗೂಗಲ್ ಸರ್ಚಲ್ಲಿ ಎಷ್ಟು ಸಲ ಕಾಣುತ್ತೆ, ಎಷ್ಟು ಕ್ಲಿಕ್ ಬರುತ್ತೆ ಅಂತ ತೋರ್ಸೋ ಗೂಗಲ್‌ನದೇ ಟೂಲ್ ಇದು. ಪೂರ್ತಿ ಫ್ರೀ, 16 ತಿಂಗಳ ಡೇಟಾ ಇರುತ್ತೆ, ಹೋದ ವರ್ಷದ ಇದೇ ಸೀಸನ್ ಜೊತೆ ಹೋಲಿಸ್ಬೋದು, ಬ್ರ್ಯಾಂಡ್ ಹೆಸರಿರೋ ಕ್ವೆರಿಗಳನ್ನ (ಜನ ಗೂಗಲಲ್ಲಿ ಹುಡುಕೋ ಪದಗಳನ್ನ) ಫಿಲ್ಟರ್ ಹಾಕಿ ತೆಗೆದ್ರೆ ಟೀಮಿನ ನಿಜವಾದ ದುಡಿಮೆ ಕಾಣುತ್ತೆ.

ನಮ್ಮಲ್ಲಿ ಹಳೇ ಪೇಜುಗಳು ಚೆನ್ನಾಗೇ ಇದ್ವು, ಹೊಸ ಪ್ರಾಡಕ್ಟ್ ಪೇಜುಗಳಿಗೆ ಇಂಪ್ರೆಶನ್ನೇ ಇಲ್ಲ, ಅಂದ್ರೆ ಸರ್ಚಲ್ಲಿ ಕಾಣಿಸ್ತಾನೇ ಇರ್ಲಿಲ್ಲ. ಯಾವ ಪೇಜ್ ಗೂಗಲ್ ಪಟ್ಟಿಗೆ ಸೇರಿದೆ ಅಂತ ತೋರ್ಸೋ ಪೇಜ್ ಇಂಡೆಕ್ಸಿಂಗ್ ರಿಪೋರ್ಟ್ ನೋಡಿದ್ರೆ ಎಲ್ಲಾ ನೋಇಂಡೆಕ್ಸ್ ಟ್ಯಾಗಿಂದ (ಈ ಪೇಜ್ ಸೇರಿಸ್ಬೇಡ ಅಂತ ಗೂಗಲ್‌ಗೆ ಹೇಳೋ ಕೋಡ್) ಹೊರಗೆ ಬಿದ್ದಿವೆ! ನಮ್ಮ ಎಸ್‌ಇಒ ಹುಡುಗ್ರು ಇದನ್ನ ಸರಿ ಮಾಡಿ ಅಂತ ಟಿಕೆಟ್ ಹಾಕಿ ಹಾಕಿ ಸಾಕಾಗಿದ್ರು, ಡೆವಲಪರ್ ಕಡೆಯವ್ರು ಮುಟ್ಟೇ ಇರ್ಲಿಲ್ಲ, ಬೈಸ್ಕೊಂಡಿದ್ದು ಮಾತ್ರ ಇವ್ರು. ತುಂಬಾ ಬೇಜಾರಾಯ್ತು.

ಕೊರತೆ ಇಲ್ಲ ಅಂತಲ್ಲ. ಸ್ಕ್ರೀನಿಂದ ಎಕ್ಸ್‌ಪೋರ್ಟ್ ಮಾಡಿದ್ರೆ 1,000 ಸಾಲಿಗೇ ನಿಲ್ಲುತ್ತೆ, ದೊಡ್ಡ ಸೈಟಿಗೆ ಎಪಿಐ (ಪ್ರೋಗ್ರಾಮ್ ಬರೆದು ಡೇಟಾ ತರ್ಸೋ ದಾರಿ) ಅಥವಾ ಬಿಗ್‌ಕ್ವೆರಿ (ಗೂಗಲ್‌ನ ಕ್ಲೌಡ್ ಡೇಟಾಬೇಸ್) ಬೇಕೇ ಬೇಕು, ಸೇಲ್ಸ್ ಎಷ್ಟಾಯ್ತು ಅನ್ನೋದು ಇದ್ರಲ್ಲಿ ಸಿಗಲ್ಲ, ಅದಕ್ಕೆ ಸೈಟಿಗೆ ಬಂದವ್ರು ಏನ್ ಮಾಡಿದ್ರು ಅಂತ ತೋರ್ಸೋ ಅನಾಲಿಟಿಕ್ಸ್ ನೋಡ್ಬೇಕು. ಆವರೇಜ್ ಪೊಸಿಶನ್ (ಸರ್ಚ್ ರಿಸಲ್ಟಲ್ಲಿ ಸರಾಸರಿ ಎಷ್ಟನೇ ಜಾಗ) ಒಂದೇ ಹಿಡ್ಕೊಂಡು ದಯವಿಟ್ಟು ಯಾರ ಅಪ್ರೈಸಲ್ಲೂ ಮಾಡ್ಬೇಡಿ, ಹೊಸ ಕ್ವೆರಿಗಳು ಕೆಳಗಿನ ಜಾಗದಲ್ಲಿ ಸೇರ್ಕೊಂಡ್ರೂ ಆ ನಂಬರ್ ಕೆಡುತ್ತೆ. ಮ್ಯಾನೇಜರ್‌ಗಳಿಗೆ ಉಪಯೋಗ ಆಗೋ ಟೂಲ್ ಅಂತ ಇದಕ್ಕೆ ನನ್ ಕಡೆಯಿಂದ 5ಕ್ಕೆ 4.